302 ನರಕೋಶದ ಹುಳುವೇ ಇನ್ನೂ ಪೂರ್ತಿ ಅರ್ಥವಾಗಿಲ್ಲ. ನಮ್ಮ ಮೆದುಳು ನಮಗೆ ಅರ್ಥವಾಗುತ್ತದಾ?

ಹಗಲುಗನಸು:

ಒಂದು ವಾರದಿಂದ ತಲೆ ಕೊರೆಯುತ್ತಿರುವ ವಿಷಯ. ಇಲ್ಲಿ ಬಲ್ಲವರು ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಸಿ. ಎಲೆಗನ್ಸ್ ಅಂತ ಒಂದು ಹುಳು ಇದೆ. ಉದ್ದ ಒಂದು ಮಿಲಿಮೀಟರ್. ಅದರ ಮೈಯಲ್ಲಿರುವ ನರಕೋಶಗಳು ಬರೀ 302. ಒಂದೊಂದಕ್ಕೂ ಹೆಸರಿಟ್ಟಿದ್ದಾರೆ. ಯಾವುದು ಯಾವುದಕ್ಕೆ ಸೇರಿಕೊಂಡಿದೆ ಎಂಬ ನಕ್ಷೆ 1986ರಲ್ಲೇ ಪ್ರಕಟವಾಯಿತು. ಆದರೂ ಆ ನಕ್ಷೆಯೊಂದನ್ನೇ ನೋಡಿ, ಹುಳು ಮುಂದಿನ ಕ್ಷಣ ಮುಂದೆ ಹೋಗುತ್ತದೋ ಹಿಂದೆ ಸರಿಯುತ್ತದೋ ಎಂದು ಖಚಿತವಾಗಿ ಹೇಳಲು ಆಗುವುದಿಲ್ಲವಂತೆ. ನಮ್ಮ ತಲೆಯಲ್ಲಿ ಇರುವುದು ಸುಮಾರು 8,600 ಕೋಟಿ ನರಕೋಶ.

ಇದು ನನಗೆ ಸುಮ್ನೆ ಕುತೂಹಲದ ಪ್ರಶ್ನೆ ಅಲ್ಲ. ನನ್ನ ಅಮ್ಮನಿಗೆ ಆಲ್ಝೈಮರ್ ಕಾಯಿಲೆ. ಗೊತ್ತಾಗಿ ಎರಡು ವರ್ಷವಾಯಿತು. ಸ್ಕ್ಯಾನ್ ಚಿತ್ರದ ಮೇಲೆ ಬೆರಳಿಟ್ಟು, ಈ ಭಾಗ ಕುಗ್ಗಿದೆ ನೋಡಿ ಎಂದರು ವೈದ್ಯರು. ಕುಗ್ಗಿದ್ದು ನನಗೂ ಕಂಡಿತು. ಅಮ್ಮನಿಗೆ ಈಗ ಎಷ್ಟೋ ದಿನ ನನ್ನ ಹೆಸರು ಬರುವುದಿಲ್ಲ. ಆ ಹೆಸರು ಅಲ್ಲಿ ಎಲ್ಲಿತ್ತು? ಯಾವ ರೂಪದಲ್ಲಿತ್ತು? ಅಳಿಸಿಹೋಯಿತೋ, ಇದ್ದೂ ಕೈಗೆ ಸಿಗುತ್ತಿಲ್ಲವೋ? ಇದನ್ನು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಎಂದರು. ಹಾಗೆ ಒಪ್ಪಿಕೊಂಡಿದ್ದಕ್ಕೆ ನನಗೆ ಅವರ ಮೇಲೆ ಗೌರವ ಜಾಸ್ತಿಯಾಯಿತು.

ನನ್ನ ಪ್ರಶ್ನೆ ಇಷ್ಟೇ. ಇದು ಇನ್ನೂ ಗೊತ್ತಾಗದ ಸಂಗತಿಯೋ, ಎಂದಿಗೂ ಗೊತ್ತಾಗದ ಸಂಗತಿಯೋ? ದಾರಿ ಉದ್ದ ಇದೆಯೋ, ಇಲ್ಲಾ ಮುಂದೆ ಗೋಡೆಯೇ ಇದೆಯೋ?

ಸೂಕ್ಷ್ಮದರ್ಶಕ:

ಹುಳುವಿನಿಂದಲೇ ಶುರು ಮಾಡೋಣ. ನಾನು ಕೆಲವು ವರ್ಷ ಇಂಥ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು.

ನಕ್ಷೆಯಲ್ಲಿ ಕಾಣುವುದು ಯಾವುದಕ್ಕೆ ಯಾವುದು ಅಂಟಿಕೊಂಡಿದೆ ಎಂಬುದು ಮಾತ್ರ. ಆ ಜಾಗದಲ್ಲಿ ಒಂದು ಕೋಶ ಇನ್ನೊಂದನ್ನು ಕೆಣಕುತ್ತದೋ ಸುಮ್ಮನಾಗಿಸುತ್ತದೋ, ಎಷ್ಟು ಜೋರಾಗಿ, ಯಾವ ಹೊತ್ತಿನಲ್ಲಿ ಎಂಬುದು ಅದರಲ್ಲಿಲ್ಲ. ಮೇಲಾಗಿ ಕೋಶಗಳು ಅಂಟಿಕೊಳ್ಳದೆಯೂ ಮಾತಾಡುತ್ತವೆ. ಒಂದು ಕೋಶ ಸಣ್ಣ ಪ್ರೋಟೀನ್ ತುಣುಕುಗಳನ್ನು ಹೊರಗೆ ಬಿಡುತ್ತದೆ, ದೂರದ ಇನ್ನೊಂದು ಕೋಶ ಅದನ್ನು ಹಿಡಿಯುತ್ತದೆ. 2023ರಲ್ಲಿ ಒಂದು ತಂಡ ಈ ಹುಳುವಿನ ನರಕೋಶಗಳನ್ನು ಒಂದೊಂದಾಗಿ ಬೆಳಕಿನಿಂದ ಎಬ್ಬಿಸಿ, ಉಳಿದವುಗಳಲ್ಲಿ ಏನಾಗುತ್ತದೆ ಎಂದು ಅಳೆಯಿತು. ನಕ್ಷೆ ನೋಡಿ ಊಹಿಸಿದ್ದಕ್ಕೂ ನಿಜವಾಗಿ ಆಗಿದ್ದಕ್ಕೂ ತುಂಬಾ ಕಡೆ ತಾಳೆಯಾಗಲಿಲ್ಲ. ಈ ತಂತಿಯಿಲ್ಲದ ಮಾತು ಅದಕ್ಕೆ ಒಂದು ದೊಡ್ಡ ಕಾರಣ.

ಏಡಿಯ ಹೊಟ್ಟೆಯ ಬಳಿ ಇನ್ನೂ ಚಿಕ್ಕ ಗಂಟು ಇದೆ. ಸುಮಾರು 30 ನರಕೋಶ. ತಿಂದದ್ದನ್ನು ಅರೆಯುವ ತಾಳ ಹಾಕುವುದು ಅದರ ಕೆಲಸ. ಈವ್ ಮಾರ್ಡರ್ ಎಂಬ ವಿಜ್ಞಾನಿ ದಶಕಗಳಿಂದ ಇದನ್ನೇ ನೋಡುತ್ತಿದ್ದಾರೆ. ಅವರು ಕಂಡುಕೊಂಡದ್ದರಲ್ಲಿ ಎರಡು ಮಾತು ನನ್ನನ್ನು ತುಂಬಾ ಕಾಡಿವೆ. ಒಂದೇ ಗಂಟಿನ ಮೇಲೆ ಬೇರೆ ರಾಸಾಯನಿಕ ಹಾಕಿದರೆ ಅದು ಬೇರೆಯೇ ತಾಳ ಹಾಕುತ್ತದೆ. ಇದು ಮೊದಲನೆಯದು. ಎರಡನೆಯದು ಇದರ ತಿರುಗುಮುರುಗು: ಎರಡು ಏಡಿಗಳ ಒಳಗಿನ ಅಳತೆಗಳು ಪರಸ್ಪರ ಹೋಲದಿದ್ದರೂ ತಾಳ ಒಂದೇ ಇರಬಹುದು. ಅಂದರೆ ನಕ್ಷೆಯಿಂದ ನಡತೆಗೆ ನೇರ ದಾರಿ ಇಲ್ಲ, ನಡತೆಯಿಂದ ನಕ್ಷೆಗೂ ಇಲ್ಲ.

ಹಾಗಂತ ನಕ್ಷೆ ದಂಡ ಅನ್ನಬೇಡಿ. 2024ರಲ್ಲಿ ಬೆಳೆದ ಹಣ್ಣುನೊಣದ ಪೂರ್ತಿ ಮೆದುಳಿನ ನಕ್ಷೆ ಬಂತು. 1,39,255 ನರಕೋಶ, ಐದು ಕೋಟಿಗೂ ಜಾಸ್ತಿ ಸಂಧಿಗಳು, ಅಂದರೆ ಕೋಶಕ್ಕೆ ಕೋಶ ಸೇರುವ ಜಾಗಗಳು. ಆ ನಕ್ಷೆಯನ್ನು ಕಂಪ್ಯೂಟರಿಗೆ ಹಾಕಿ, ಸಿಹಿ ತಾಕಿದರೆ ಯಾವ ಕೋಶಗಳು ಎದ್ದು ಸೊಂಡಿಲು ಚಾಚುವಂತೆ ಮಾಡುತ್ತವೆ ಎಂದು ಊಹಿಸಿದರು. ನಿಜವಾದ ನೊಣದಲ್ಲಿ ಪರೀಕ್ಷಿಸಿದಾಗ ಬಹುಪಾಲು ಸರಿಯಾಗಿತ್ತು. ಹಾಗಾಗಿ ನನ್ನ ಮಟ್ಟಿಗೆ ಇಲ್ಲಿ ಗೋಡೆ ಇಲ್ಲ. ದಟ್ಟ ಕಾಡಿದೆ.

ಹೊಸ ಓದುಗ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಈ 8,600 ಕೋಟಿಯನ್ನು ಯಾರು ಕೂತು ಎಣಿಸಿದರು? ನಮ್ಮ ಶಾಲೆಯ ಪುಸ್ತಕದಲ್ಲಿ 10,000 ಕೋಟಿ ಎಂದಿತ್ತು.

ಸೂಕ್ಷ್ಮದರ್ಶಕ:

ಒಳ್ಳೆಯ ಪ್ರಶ್ನೆ. 10,000 ಕೋಟಿ ಎಂಬ ಸಂಖ್ಯೆಯನ್ನು ಎಲ್ಲರೂ ಬರೆಯುತ್ತಿದ್ದರು. ಅದು ಮೊದಲು ಯಾವ ಎಣಿಕೆಯಿಂದ ಬಂತು ಎಂದು ಬೆನ್ನು ಹತ್ತಿದರೆ ಗಟ್ಟಿ ಮೂಲ ಸಿಗುತ್ತಿರಲಿಲ್ಲ. ಬ್ರೆಜಿಲ್‌ನ ಸುಜಾನಾ ಹರ್ಕುಲಾನೋ-ಹೌಜೆಲ್ ಎಂಬ ವಿಜ್ಞಾನಿಗೆ ಇದೇ ಅನುಮಾನ ಬಂತು. ಮೆದುಳಿನ ಒಂದೊಂದು ಜಾಗದಲ್ಲಿ ಕೋಶಗಳ ದಟ್ಟಣೆ ಒಂದೊಂದು ಥರ. ಒಂದು ತುಣುಕು ಎಣಿಸಿ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಅವರು ದಾನವಾಗಿ ಬಂದ ಮೆದುಳನ್ನು ದ್ರಾವಣವಾಗಿ ಕರಗಿಸಿಬಿಟ್ಟರು. ಕೋಶದ ಹೊದಿಕೆ ಹೋಗುತ್ತದೆ, ಒಳಗಿನ ಕೋಶಕೇಂದ್ರ ಉಳಿಯುತ್ತದೆ. ಚೆನ್ನಾಗಿ ಕಲಕಿದರೆ ಎಲ್ಲ ಕಡೆ ಸಮವಾಗಿ ಹರಡುತ್ತದೆ. ಆಮೇಲೆ ಒಂದು ಹನಿ ತೆಗೆದು ಎಣಿಸಿದರೆ ಸಾಕು. 2009ರಲ್ಲಿ ಬಂದ ಉತ್ತರ ಸುಮಾರು 8,600 ಕೋಟಿ. ಅದರಲ್ಲಿ 6,900 ಕೋಟಿ ಇರುವುದು ಹಿಂದಿನ ಕಿರುಮೆದುಳಿನಲ್ಲೇ. ಯೋಚನೆಯ ಜಾಗ ಎಂದು ನಾವು ಹೊಗಳುವ ಹೊರಪದರದಲ್ಲಿ ಇರುವುದು ಸುಮಾರು 1,600 ಕೋಟಿ.

ತಲೆಯಲ್ಲಿ ಎಷ್ಟು ಕೋಶ ಇವೆ ಎಂಬ ಸಾದಾ ಪ್ರಶ್ನೆಗೆ ನಂಬುವಂಥ ಉತ್ತರ ಸಿಕ್ಕಿದ್ದೇ ಈ ಶತಮಾನದಲ್ಲಿ. ಹಾಗಾಗಿ ದೊಡ್ಡ ಪ್ರಶ್ನೆಗಳಿಗೆ ಉತ್ತರ ತಡವಾದರೆ ಗಾಬರಿಯಾಗಬೇಕಿಲ್ಲ.

ತಂತಿ ಮತ್ತು ತರ್ಕ:

ಕಾಡು ದಟ್ಟವಾಗಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ನಮ್ಮ ಕೈಯಲ್ಲಿರುವ ಕೊಡಲಿ ಸರಿಯಾಗಿದೆಯಾ ಎಂದೂ ನೋಡಬೇಕು ಅಲ್ವಾ?

ನಾನು ಎಲೆಕ್ಟ್ರಾನಿಕ್ಸ್ ಓದಿದವನು. 2017ರಲ್ಲಿ ಎರಿಕ್ ಜೋನಾಸ್, ಕೊನ್ರಾಡ್ ಕೋರ್ಡಿಂಗ್ ಎಂಬ ಇಬ್ಬರು ಮಾಡಿದ ಕೆಲಸ ನನ್ನನ್ನು ಬೆಚ್ಚಿಬೀಳಿಸಿತು. ಅವರು 6502 ಎಂಬ ಹಳೇ ಕಂಪ್ಯೂಟರ್ ಚಿಪ್ ತೆಗೆದುಕೊಂಡರು. ಅದರಲ್ಲಿ 3,510 ಟ್ರಾನ್ಸಿಸ್ಟರ್‌ಗಳು, ಅಂದರೆ ಪುಟ್ಟ ವಿದ್ಯುತ್ ಸ್ವಿಚ್ಚುಗಳು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಪೂರ್ತಿ ಗೊತ್ತಿರುವ ವಿಷಯ. ನಾವೇ ಕಟ್ಟಿದ್ದು. ಆ ಚಿಪ್ಪಿನ ನಕಲನ್ನು ಕಂಪ್ಯೂಟರಿನಲ್ಲಿ ಓಡಿಸಿ, ಮೆದುಳಿನ ವಿಜ್ಞಾನಿಗಳು ಬಳಸುವ ವಿಧಾನಗಳನ್ನೇ ಅದರ ಮೇಲೆ ಹಾಕಿದರು. ಒಂದೊಂದೇ ಟ್ರಾನ್ಸಿಸ್ಟರ್ ಕೆಡಿಸಿ ನೋಡಿದರು. ಚಿಪ್ ಮೂರು ಆಟಗಳನ್ನು ಓಡಿಸುತ್ತಿತ್ತು. ಕೆಲವು ಟ್ರಾನ್ಸಿಸ್ಟರ್ ಕೆಟ್ಟರೆ ಒಂದು ಆಟ ಮಾತ್ರ ನಿಲ್ಲುತ್ತಿತ್ತು, ಉಳಿದೆರಡು ನಡೆಯುತ್ತಿದ್ದವು. ಮೆದುಳಾಗಿದ್ದರೆ ನಾವು ಏನು ಬರೆಯುತ್ತಿದ್ದೆವು? ಡಾಂಕಿ ಕಾಂಗ್ ಆಟದ ಕೇಂದ್ರ ಸಿಕ್ಕಿತು ಅಂತ! ಚಿಪ್ಪಿನಲ್ಲಿ ಅಂಥ ಕೇಂದ್ರವೇ ಇಲ್ಲ. ಕೂಡುವುದು, ಸಾಗಿಸುವುದು, ಇಂಥ ಸಣ್ಣ ಕೆಲಸಗಳು ಮಾತ್ರ ಇವೆ.

ಮಾಹಿತಿ ರಾಶಿ ರಾಶಿ ಬಂತು. ಚಿಪ್ ಹೇಗೆ ಲೆಕ್ಕ ಮಾಡುತ್ತದೆ ಎಂಬುದು ಮಾತ್ರ ಅದರಿಂದ ಹೊರಬರಲಿಲ್ಲ. ಉತ್ತರ ಗೊತ್ತಿರುವ ಕಡೆಯೇ ಈ ವಿಧಾನ ಸೋತರೆ, ಗೊತ್ತಿಲ್ಲದ ಕಡೆ ಗೆದ್ದಿದೆ ಎಂದು ಹೇಗೆ ನಂಬುವುದು?

ಸೂಕ್ಷ್ಮದರ್ಶಕ:

ಆ ಲೇಖನವನ್ನು ನಾನೂ ಎರಡು ಸಲ ಓದಿದ್ದೇನೆ. ಅದರ ಏಟು ನಿಜವಾದದ್ದು. ಆದರೂ ಚಿಪ್ ಮತ್ತು ಮೆದುಳು ಒಂದೇ ಅಲ್ಲ. ಚಿಪ್ಪಿನಲ್ಲಿ ಅದೇ ತಂತಿ ಈಗೊಂದು ಕೆಲಸ, ಆಮೇಲೊಂದು ಕೆಲಸ ಮಾಡುತ್ತದೆ. ಮೆದುಳಿನಲ್ಲಿ ಜಾಗಕ್ಕೂ ಕೆಲಸಕ್ಕೂ ನಂಟು ಎಷ್ಟೋ ಗಟ್ಟಿ.

1953ರಲ್ಲಿ ಹೆನ್ರಿ ಮೋಲೈಸನ್ ಎಂಬವರಿಗೆ ಮೂರ್ಛೆರೋಗಕ್ಕಾಗಿ ಶಸ್ತ್ರಚಿಕಿತ್ಸೆಯಾಯಿತು. ಮೆದುಳಿನ ಒಳಗೆ ಎರಡೂ ಕಡೆ ಇರುವ ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲು ತೆಗೆದರು. ಅಲ್ಲಿಂದ ಮುಂದೆ ಅವರಿಗೆ ಹೊಸ ಘಟನೆ ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮೋಲೈಸನ್‌ಗೆ ಒಂದು ಕೆಲಸ ಕೊಟ್ಟರು. ಕನ್ನಡಿಯಲ್ಲಿ ಮಾತ್ರ ನೋಡುತ್ತಾ, ಒಂದು ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಕಷ್ಟದ ಕೆಲಸ. ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಆದರೆ ಹಿಂದಿನ ದಿನ ಇದನ್ನು ಮಾಡಿದ್ದೇ ಅವರಿಗೆ ನೆನಪಿರಲಿಲ್ಲ. ನೆನಪು ಒಂದೇ ಥರದ್ದಲ್ಲ, ಘಟನೆಯ ನೆನಪು ಬೇರೆ, ಕೈಯ ನೆನಪು ಬೇರೆ ಎಂದು ತಿಳಿದದ್ದು ಹೀಗೆ. ಒಂದು ಭಾಗ ಇಲ್ಲದಾಗ ಏನಾಗುತ್ತದೆ ಎಂಬ ಆ ಹಳೇ ವಿಧಾನವೇ ಇದನ್ನು ಕೊಟ್ಟಿತು.

ನಿಧಾನವಾಗಿ ಓದುವವ:

ನೀವಿಬ್ಬರೂ ಹೇಳುತ್ತಿರುವುದು ಮೆದುಳು ಏನು ಮಾಡುತ್ತದೆ ಎಂಬುದರ ಬಗ್ಗೆ. ಹಗಲುಗನಸು ಅವರು ಗೋಡೆ ಎಂದರಲ್ಲ, ಅದು ಇರುವ ಜಾಗ ಬೇರೆ ಅನ್ನಿಸುತ್ತದೆ ನನಗೆ.

ಹಲ್ಲುನೋವು ಬಂದಾಗ ಯಾವ ನರ ಎದ್ದಿತು, ಸುದ್ದಿ ಎಲ್ಲಿಗೆ ಹೋಯಿತು, ಕೈ ಯಾಕೆ ಕೆನ್ನೆಗೆ ಹೋಯಿತು, ಇದೆಲ್ಲವನ್ನೂ ವಿವರಿಸಬಹುದು. ಆದರೆ ಆ ನೋವು ನೋವಾಗಿ ಯಾಕೆ ಅನ್ನಿಸುತ್ತದೆ? ಒಳಗೆ ಅನ್ನಿಸಿಕೆಯೇ ಇಲ್ಲದೆ ಇದೆಲ್ಲ ನಡೆಯಬಹುದಿತ್ತು ಅಲ್ವಾ? ತತ್ವಜ್ಞಾನಿ ಡೇವಿಡ್ ಚಾಮರ್ಸ್ 1995ರಲ್ಲಿ ಇದಕ್ಕೆ ‘ಕಠಿಣ ಸಮಸ್ಯೆ’ ಎಂದು ಹೆಸರಿಟ್ಟರು. ಅವರಿಗಿಂತ ತುಂಬಾ ಮೊದಲು, 1872ರಲ್ಲಿ, ಎಮಿಲ್ ಡು ಬ್ವಾ-ರೇಮಾಂ ಎಂಬ ಜರ್ಮನ್ ವಿಜ್ಞಾನಿ ಇದನ್ನೇ ಹೇಳಿದ್ದರು. ನರದಲ್ಲಿ ವಿದ್ಯುತ್ ಹರಿಯುತ್ತದೆ ಎಂದು ಅಳೆದು ತೋರಿಸಿದವರಲ್ಲಿ ಅವರೂ ಒಬ್ಬರು. ಅರಿವು ಎಂಬುದು ಜಡವಸ್ತುವಿನಿಂದ ಹೇಗೆ ಹುಟ್ಟುತ್ತದೆ ಎಂಬುದು ನಮಗೆ ಗೊತ್ತಿಲ್ಲ, ಮುಂದೆಯೂ ಗೊತ್ತಾಗದು ಎಂದರು. ವಿಜ್ಞಾನ ಗೊತ್ತಿಲ್ಲದವರು ಆಡಿದ ಮಾತಲ್ಲ ಇದು.

1998ರಲ್ಲಿ ಕ್ರಿಸ್ಟಾಫ್ ಕಾಖ್ ಎಂಬ ವಿಜ್ಞಾನಿ ಚಾಮರ್ಸ್ ಜೊತೆ ಪಣ ಕಟ್ಟಿದರು. ಅರಿವಿನ ಗುರುತು ಮೆದುಳಿನಲ್ಲಿ 25 ವರ್ಷದೊಳಗೆ ಸಿಗುತ್ತದೆ ಎಂದು. 2023ರಲ್ಲಿ ಎಲ್ಲರ ಮುಂದೆ ಸೋಲೊಪ್ಪಿ ಚಾಮರ್ಸ್‌ಗೆ ವೈನ್ ಬಾಟಲಿ ಕೊಟ್ಟರು. ಮತ್ತೆ 25 ವರ್ಷಕ್ಕೆ ಪಣ ಕಟ್ಟಿದರು. ಆ ಹಟ ನನಗೆ ಇಷ್ಟವಾಯಿತು. ಆದರೆ ಗುರುತು ಸಿಗುವುದೇ ಬೇರೆ, ಅನ್ನಿಸಿಕೆ ಯಾಕಿದೆ ಎಂದು ತಿಳಿಯುವುದೇ ಬೇರೆ.

ನಮ್ಮಲ್ಲಿ ಗಾದೆ ಇದೆಯಲ್ಲ, ತನ್ನ ಬೆನ್ನು ತನಗೆ ಕಾಣದು. ನೋಡುವ ಕಣ್ಣು ತನ್ನನ್ನೇ ಹೇಗೆ ನೋಡಿಕೊಂಡೀತು?

ತಂತಿ ಮತ್ತು ತರ್ಕ:

ಬೆನ್ನಿನ ಮಾತು ಚೆನ್ನಾಗಿದೆ. ಆದರೆ ಪಕ್ಕದವರಿಗೆ ನನ್ನ ಬೆನ್ನು ಕಾಣುತ್ತದೆ. ಒಂದು ಮೆದುಳು ಕತ್ತಲೆಯಲ್ಲಿ ಕೂತು ತನ್ನನ್ನೇ ಅರಿಯಬೇಕು ಎಂದು ಯಾರೂ ಕೇಳುತ್ತಿಲ್ಲ. ಸಾವಿರಾರು ಜನ, ನೂರಾರು ವರ್ಷ, ಕಾಗದ, ಯಂತ್ರ ಎಲ್ಲ ಸೇರಿ ಅರಿಯುವುದು ವಿಜ್ಞಾನ. ಒಂದು ವಿಮಾನದ ಪ್ರತಿಯೊಂದು ಭಾಗವೂ ತಿಳಿದಿರುವ ಒಬ್ಬ ಮನುಷ್ಯ ಇಲ್ಲ. ವಿಮಾನ ಹಾರುತ್ತಿದೆ.

ಈ ಜಾಗದಲ್ಲಿ ಕೆಲವರು ಗಣಿತಜ್ಞ ಗೋಡೆಲ್ ಹೆಸರು ತರುತ್ತಾರೆ. ಅವರ 1931ರ ಪ್ರಮೇಯ ಹೇಳುವುದು ಒಂದು ಬಗೆಯ ಗಣಿತದ ನಿಯಮವ್ಯವಸ್ಥೆಯ ಬಗ್ಗೆ. ಅಂಥ ವ್ಯವಸ್ಥೆಯಲ್ಲಿ ವಿರೋಧಾಭಾಸ ಇಲ್ಲದಿದ್ದರೆ, ಅದರೊಳಗೆ ಸಾಧಿಸಲಾಗದ ನಿಜಗಳು ಇದ್ದೇ ಇರುತ್ತವೆ. ಮೆದುಳು ಅಂಥ ನಿಯಮವ್ಯವಸ್ಥೆ ಎಂದು ಮೊದಲು ತೋರಿಸಬೇಕು. ಅದನ್ನು ತೋರಿಸದೆ, ಮೆದುಳು ತನ್ನನ್ನು ಅರಿಯಲಾರದು ಎಂದು ಗಣಿತವೇ ಹೇಳಿದೆ ಎನ್ನುವುದು ತಪ್ಪು.

ಡು ಬ್ವಾ-ರೇಮಾಂ ಮಾತಿಗೆ 1930ರಲ್ಲಿ ಗಣಿತಜ್ಞ ಹಿಲ್ಬರ್ಟ್ ಉತ್ತರ ಕೊಟ್ಟರು. ನಾವು ತಿಳಿಯಲೇಬೇಕು, ತಿಳಿದೇ ತೀರುತ್ತೇವೆ ಎಂದು. ಕೋನಿಗ್ಸ್‌ಬರ್ಗ್‌ನಲ್ಲಿ ಅವರು ಈ ಭಾಷಣ ಮಾಡಿದ ಹಿಂದಿನ ದಿನವೇ, ಅದೇ ಊರಿನಲ್ಲಿ, ಯುವಕ ಗೋಡೆಲ್ ತನ್ನ ಫಲಿತಾಂಶವನ್ನು ಮೊದಲ ಸಲ ಹೇಳಿದ್ದರು. ಹಾಗಾಗಿ ಎಂದಿಗೂ ಇಲ್ಲ ಎನ್ನುವುದಕ್ಕೂ, ಎಲ್ಲವೂ ಆಗುತ್ತದೆ ಎನ್ನುವುದಕ್ಕೂ ನನಗೆ ಅಂಜಿಕೆ.

ಎಂದಿಗೂ ಇಲ್ಲ ಎಂದವರ ಕಥೆ ಒಂದು ಹೇಳುತ್ತೇನೆ. 1835ರಲ್ಲಿ ಫ್ರಾನ್ಸಿನ ಆಗಸ್ಟ್ ಕೋಂಟ್, ನಕ್ಷತ್ರಗಳು ಯಾವುದರಿಂದ ಆಗಿವೆ ಎಂದು ಮನುಷ್ಯ ತಿಳಿಯಲಾರ ಎಂದು ಬರೆದರು. ಅಲ್ಲಿಗೆ ಹೋಗಲಾಗದು, ತುಣುಕು ತರಲಾಗದು. ಸರಿಯಾದ ಮಾತೇ ತಾನೇ? 1857ರಲ್ಲಿ ಅವರು ತೀರಿಕೊಂಡರು. 1859ರಲ್ಲಿ ಕಿರ್ಕಾಫ್ ಮತ್ತು ಬುನ್ಸೆನ್ ಬೆಳಕಿನ ಗೆರೆಗಳಿಂದ ಸೂರ್ಯನಲ್ಲಿರುವ ಧಾತುಗಳನ್ನು ಓದಲು ಶುರುಮಾಡಿದರು. ಸೂರ್ಯನ ಬಳಿಗೆ ಯಾರೂ ಹೋಗಲಿಲ್ಲ. ಇನ್ನೊಂದು ಕಿಟಕಿ ತೆರೆಯಿತು, ಅಷ್ಟೇ.

ನಿಧಾನವಾಗಿ ಓದುವವ:

ಗೋಡೆಲ್ ವಿಷಯದಲ್ಲಿ ನೀವು ಹೇಳಿದ್ದು ಸರಿ, ನಾನು ಆ ವಾದ ಮಾಡುವುದಿಲ್ಲ. ಕೋಂಟ್ ಕಥೆ ಮಾತ್ರ ಇಲ್ಲಿ ಪೂರ್ತಿ ಹೊಂದುವುದಿಲ್ಲ. ನಕ್ಷತ್ರ ಹೊರಗಿನ ವಸ್ತು. ನನ್ನ ಹಲ್ಲುನೋವಿಗೆ ಸಾಕ್ಷಿ ನಾನೊಬ್ಬನೇ. ನನ್ನ ಬೆನ್ನು ಪಕ್ಕದವರಿಗೆ ಕಂಡರೂ, ಬೆನ್ನಿನ ನೋವು ಕಾಣುವುದಿಲ್ಲ. ಇದು ಯಂತ್ರ ಸಾಲದು ಎಂಬ ತೊಂದರೆ ಅಲ್ಲ.

ಎರಡನೇ ಪಾಳಿ:

ನಾನು ತೀವ್ರ ನಿಗಾ ಘಟಕದಲ್ಲಿ ದಾದಿ. ಒಬ್ಬನೇ ಸಾಕ್ಷಿ ಎಂಬ ಮಾತು ಓದಿ ಬರೆಯದೆ ಇರಲಾಗಲಿಲ್ಲ.

ಪೆಟ್ಟು ಬಿದ್ದ ಮೆದುಳಿನ ರೋಗಿಗಳು ತಿಂಗಳುಗಟ್ಟಲೆ ಮಲಗಿರುತ್ತಾರೆ. ಕಣ್ಣು ತೆರೆಯುತ್ತಾರೆ. ಕೈ ಎತ್ತಿ ಎಂದರೆ ಎತ್ತುವುದಿಲ್ಲ. ಒಳಗೆ ಯಾರೂ ಇಲ್ಲ ಎಂದು ಬರೆದುಬಿಡುತ್ತಿದ್ದರು. 2006ರಲ್ಲಿ ಏಡ್ರಿಯನ್ ಓವೆನ್ ಅವರ ತಂಡ ಅಂಥ ಒಬ್ಬ ಯುವತಿಯನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ಎರಡು ಮಾತು ಹೇಳಿತು. ಟೆನ್ನಿಸ್ ಆಡುವುದನ್ನು ಊಹಿಸಿಕೊಳ್ಳಿ. ನಿಮ್ಮ ಮನೆಯ ಕೋಣೆಗಳಲ್ಲಿ ಓಡಾಡುವುದನ್ನು ಊಹಿಸಿಕೊಳ್ಳಿ. ಎರಡಕ್ಕೂ ಆಕೆಯ ಮೆದುಳಿನ ಬೇರೆ ಬೇರೆ ಭಾಗಗಳು ಎದ್ದವು, ಆರೋಗ್ಯವಂತರಲ್ಲಿ ಏಳುವ ಹಾಗೆಯೇ. 2024ರಲ್ಲಿ ಇನ್ನೂ ದೊಡ್ಡ ಅಧ್ಯಯನ ಬಂತು. ಹಾಸಿಗೆಯ ಪಕ್ಕ ನಿಂತು ಹೇಳಿದ ಮಾತಿಗೆ ಸ್ಪಂದಿಸದ 241 ಜನರಲ್ಲಿ 60 ಜನರ ಮೆದುಳು ಹೇಳಿದ್ದನ್ನು ಮಾಡುತ್ತಿತ್ತು. ನಾಲ್ವರಲ್ಲಿ ಒಬ್ಬರು!

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ, ಹಾಸಿಗೆಯ ಪಕ್ಕದಲ್ಲೇ ನಿಂತು, ಇವರು ಉಳಿಯುವುದಿಲ್ಲ ಎಂದು ಹಿರಿಯರೊಬ್ಬರು ಜೋರಾಗಿ ಹೇಳಿದ್ದರು. ಆ ರೋಗಿ ಉಳಿದರು. ಆ ಮಾತು ಕೇಳಿಸಿತ್ತು ಎಂದು ತಿಂಗಳುಗಳ ನಂತರ ನನಗೆ ಹೇಳಿದರು. ಅವತ್ತಿನಿಂದ ನಾನು ಪ್ರತಿ ರೋಗಿಗೂ ಏನು ಮಾಡುತ್ತಿದ್ದೇನೆ ಎಂದು ಹೇಳಿಯೇ ಮುಟ್ಟುತ್ತೇನೆ.

ನೋವು ಯಾಕೆ ನೋವಾಗಿ ಅನ್ನಿಸುತ್ತದೆ ಎಂಬುದಕ್ಕೆ ಇದು ಉತ್ತರ ಅಲ್ಲ, ನನಗೂ ಗೊತ್ತು. ಆದರೆ ಒಳಗಿದ್ದ ಒಬ್ಬ ಸಾಕ್ಷಿಯ ಕದ ತಟ್ಟಲು ದಾರಿ ಸಿಕ್ಕಿತಲ್ಲ.

ಹೊಸ ಓದುಗ:

ಇದನ್ನು ಓದಿ ಮೈ ಜುಮ್ಮೆಂದಿತು. ಹಾಗಾದರೆ ಸ್ಕ್ಯಾನರ್ ಮನಸ್ಸನ್ನು ಓದುತ್ತದೆ ಎಂದೇ ಅರ್ಥವಾ?

ಸೂಕ್ಷ್ಮದರ್ಶಕ:

ಇಲ್ಲ. ಅಂಥ ಸ್ಕ್ಯಾನರ್ ನರಕೋಶಗಳನ್ನು ನೇರವಾಗಿ ನೋಡುವುದೇ ಇಲ್ಲ. ರಕ್ತದ ಆಮ್ಲಜನಕದಲ್ಲಾಗುವ ಏರುಪೇರನ್ನು ನೋಡುತ್ತದೆ. ಕೋಶ ಕೆಲಸ ಮಾಡಿದ ಕೆಲವು ಸೆಕೆಂಡ್ ಆದಮೇಲೆ ರಕ್ತದ ಹರಿವು ಏರುತ್ತದೆ. ಚಿತ್ರದ ಒಂದು ಚುಕ್ಕೆಯಲ್ಲಿ ಲಕ್ಷಾಂತರ ಕೋಶಗಳು ಸೇರಿರುತ್ತವೆ. 2009ರಲ್ಲಿ ಕ್ರೇಗ್ ಬೆನೆಟ್ ತಂಡ ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿಟ್ಟು, ಮನುಷ್ಯರ ಚಿತ್ರಗಳನ್ನು ತೋರಿಸಿತು. ಲೆಕ್ಕದ ತಿದ್ದುಪಡಿ ಮಾಡದೆ ನೋಡಿದರೆ ಸತ್ತ ಮೀನಿನ ಮೆದುಳಲ್ಲೂ ಚುಕ್ಕೆ ಬೆಳಗಿತು! ಸಾವಿರಾರು ಚುಕ್ಕೆಗಳನ್ನು ಒಟ್ಟಿಗೆ ಪರೀಕ್ಷಿಸಿದರೆ ಒಂದೆರಡು ಆಕಸ್ಮಿಕವಾಗಿ ಬೆಳಗುತ್ತವೆ ಎಂದು ತೋರಿಸುವುದೇ ಅವರ ಉದ್ದೇಶ. ಓವೆನ್ ತಂಡ ಆರೋಗ್ಯವಂತರ ಜೊತೆ ಹೋಲಿಸಿ ನೋಡಿದ್ದು ಅದಕ್ಕೇ ಮುಖ್ಯ.

ಅಳತೆಯ ಬಗ್ಗೆ ಇನ್ನೊಂದು ಮಾತು. ಮನುಷ್ಯನ ಹೊರಪದರದ ಒಂದು ಘನ ಮಿಲಿಮೀಟರ್ ತುಣುಕಿನ ಚಿತ್ರ 2024ರಲ್ಲಿ ಬಂತು. ಮೂರ್ಛೆರೋಗದ ಶಸ್ತ್ರಚಿಕಿತ್ಸೆಯಲ್ಲಿ ಸಿಕ್ಕ ತುಣುಕು. ಸುಮಾರು 57,000 ಕೋಶ, 15 ಕೋಟಿ ಸಂಧಿ. ಮಾಹಿತಿ 14 ಲಕ್ಷ ಗಿಗಾಬೈಟ್. ಇಡೀ ಮೆದುಳಿಗೆ ಇಂಥ ಹತ್ತು ಲಕ್ಷಕ್ಕೂ ಜಾಸ್ತಿ ತುಣುಕು ಬೇಕು. ಅಷ್ಟು ಮಾಡಿದರೂ ಅದು ಏಡಿಯ ಪಾಠ ಹೇಳುವ ಹಾಗೆ ಬರೀ ತಂತಿಗಳ ಚಿತ್ರ.

ಹಗಲುಗನಸು ಅವರೇ, ನಿಮ್ಮ ಮೊದಲ ಪ್ರಶ್ನೆ ನಡುವೆ ಎಲ್ಲೋ ಕಳೆದುಹೋಯಿತು. ಹೆಸರು ಅಳಿಸಿಹೋಯಿತೋ, ಇದ್ದೂ ಸಿಗುತ್ತಿಲ್ಲವೋ ಎಂದಿರಿ. ಅದಕ್ಕೆ ಹತ್ತಿರದ ಒಂದು ಪ್ರಯೋಗ ಇದೆ. 2016ರಲ್ಲಿ ಸುಸುಮು ಟೊನೆಗಾವಾ ಅವರ ಪ್ರಯೋಗಾಲಯದಲ್ಲಿ ಆಲ್ಝೈಮರ್ ಥರದ ತೊಂದರೆಯ ಮೊದಲ ಹಂತದಲ್ಲಿದ್ದ ಇಲಿಗಳಿಗೆ ಒಂದು ಪೆಟ್ಟಿಗೆಯಲ್ಲಿ ಸಣ್ಣ ಶಾಕ್ ಕೊಟ್ಟರು. ಮಾರನೇ ದಿನ ಅದೇ ಪೆಟ್ಟಿಗೆಯಲ್ಲಿ ಬಿಟ್ಟರೆ ಆರೋಗ್ಯವಂತ ಇಲಿ ಹೆದರಿ ಸ್ತಬ್ಧವಾಗುತ್ತದೆ. ಈ ಇಲಿಗಳು ಅಷ್ಟಾಗಿ ಹೆದರಲಿಲ್ಲ, ಮರೆತಿದ್ದವು. ಆದರೆ ಆ ಅನುಭವದ ಹೊತ್ತಿನಲ್ಲಿ ಎದ್ದಿದ್ದ ಕೋಶಗಳನ್ನು ಮೊದಲೇ ಗುರುತು ಮಾಡಿಟ್ಟಿದ್ದರು. ಬೆಳಕು ಹಾಯಿಸಿ ಆ ಕೋಶಗಳನ್ನೇ ಎಬ್ಬಿಸಿದಾಗ ಇಲಿಗಳು ಹೆದರಿ ನಿಂತವು. ನೆನಪು ಒಳಗೇ ಇತ್ತು. ತಲುಪುವ ದಾರಿ ಸವೆದಿತ್ತು.

ಇದು ಇಲಿ, ಅದೂ ಮೊದಲ ಹಂತ. ಕಾಯಿಲೆ ಮುಂದುವರಿದಂತೆ ಕೋಶಗಳೇ ಸಾಯುತ್ತವೆ. ಮನುಷ್ಯರಿಗೆ ಈ ಬೆಳಕಿನ ಚಿಕಿತ್ಸೆ ಇಲ್ಲ. ಅಮ್ಮನ ವಿಷಯದಲ್ಲಿ ಹೀಗೇ ಎಂದು ನಾನು ಹೇಳುತ್ತಿಲ್ಲ. ಆದರೆ ನೀವು ವೈದ್ಯರಿಗೆ ಕೇಳಿದ್ದು ಉತ್ತರವೇ ಇರದ ಪ್ರಶ್ನೆ ಆಗಿರಲಿಲ್ಲ. ಪ್ರಯೋಗಾಲಯದಲ್ಲಿ ಜನ ಅದನ್ನೇ ಕೇಳುತ್ತಿದ್ದಾರೆ, ಅದೇ ಮಾತುಗಳಲ್ಲಿ.

ಹಗಲುಗನಸು:

ಎಲ್ಲವನ್ನೂ ಎರಡು ಸಲ ಓದಿದೆ. ಇಲಿಯ ಭಾಗವನ್ನು ನಾಲ್ಕು ಸಲ.

ನಿಧಾನವಾಗಿ ಓದುವವರು ಹೇಳಿದ ಗೋಡೆ ಅಲ್ಲೇ ಇದೆ ಅನ್ನಿಸುತ್ತದೆ ನನಗೆ. ಅಮ್ಮನಿಗೆ ಒಳಗೆ ಹೇಗನ್ನಿಸುತ್ತಿದೆ ಎಂಬುದು ಯಾವ ಚಿತ್ರದಲ್ಲೂ ನನಗೆ ಕಾಣುವುದಿಲ್ಲ. ಆದರೆ ಹೆಸರಿನ ಪ್ರಶ್ನೆ ಆ ಗೋಡೆಯಾಚೆ ಇಲ್ಲ ಎಂದು ಗೊತ್ತಾಯಿತು. ಎರಡನ್ನೂ ಒಂದೇ ಗಂಟು ಕಟ್ಟಿಕೊಂಡು ಎರಡು ವರ್ಷ ಹೊತ್ತಿದ್ದೆ.

ಮೋಲೈಸನ್ ಅವರ ಕೈಯ ಕಥೆ ಓದುವಾಗ ಒಂದು ಹೊಳೆಯಿತು. ಅಮ್ಮ ನನ್ನ ಕೈ ಹಿಡಿದಾಗ ಹೆಬ್ಬೆರಳಿನಿಂದ ಮೂರು ಸಲ ಒತ್ತುತ್ತಾರೆ. ನಾನು ಚಿಕ್ಕವಳಿದ್ದಾಗ ರಸ್ತೆ ದಾಟುವ ಮೊದಲು ಹಾಗೆ ಮಾಡುತ್ತಿದ್ದರು. ನನ್ನ ಹೆಸರು ಬರದ ದಿನವೂ ಅದು ಬರುತ್ತದೆ.

ಮೊನ್ನೆ ನನ್ನ ಹೆಸರಿನ ಮೊದಲ ಅಕ್ಷರ ಹೇಳಿ ಸುಮ್ಮನೆ ಕಾದೆ. ಉಳಿದದ್ದನ್ನು ಅಮ್ಮ ಹೇಳಿದರು. ಇವತ್ತು ಮತ್ತೆ ಹೇಳಿದೆ. ಬರಲಿಲ್ಲ.

ಸೂಕ್ಷ್ಮದರ್ಶಕ:

ಸುಳಿವು ಕೊಟ್ಟರೆ ಬರುತ್ತದೋ ಇಲ್ಲವೋ ಎಂಬುದು ವೈದ್ಯರಿಗೆ ಬೇಕಾದ ಮಾಹಿತಿ. ಮರೆವಿನ ಪರೀಕ್ಷೆಗಳಲ್ಲಿ ಅದನ್ನೇ ಅಳೆಯುತ್ತಾರೆ. ದಿನಾಂಕ, ಹೊತ್ತು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಬರೆದಿಡಿ. ಒತ್ತಾಯ ಮಾಡಬೇಡಿ, ಸುಸ್ತಾದಾಗ ಕೇಳಬೇಡಿ. ಕೈ ಒತ್ತಿದ್ದನ್ನೂ ಬರೆಯಿರಿ.

ಹಗಲುಗನಸು:

ಒಂದು ನೋಟ್‌ಬುಕ್ ತೆಗೆದಿಟ್ಟಿದ್ದೇನೆ. ಮೊದಲ ಸಾಲು ಬರೆದೆ. ಸಂಜೆ 6 ಗಂಟೆ, ಹೆಸರು ಬರಲಿಲ್ಲ, ಕೈ ಮೂರು ಸಲ.